ಹಿಂದಕ್ಕೆ ನೋಡಿದ ಗಿಳಿ

ಗುರುವಾರ, ಬೆಳಿಗ್ಗೆ ಎಂಟೂವರೆ. ಶ್ರೀನಿವಾಸಪುರದ ನನ್ನ ಬೊಟೀಕ್‌ನಲ್ಲಿ ಆಗ ಇದ್ದವರು ಇಬ್ಬರೇ: ನಾನು, ಮತ್ತು ಎಲ್ಲರೂ ಉಸ್ತಾದ್ ಎಂದು ಕರೆಯುವ ನಮ್ಮ ಜರಿ ಕಸೂತಿಗಾರರು. ಒಂಬತ್ತಕ್ಕೆ ಕತ್ತರಿ ಕೈಯಲ್ಲಿರಬೇಕು ಎಂಬುದು ನನ್ನ ನಿಯಮ. ಸ್ವಂತ ಅಂಗಡಿ ತೆರೆಯುವ ಮೊದಲು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದವಳು ನಾನು. ಅಲ್ಲಿಯ ಗಂಟೆ ಇನ್ನೂ ಮೈಯಲ್ಲಿದೆ.

ಅಂದು ಗೌನಿಪಲ್ಲಿಯ ಮದುಮಗಳ ರವಿಕೆ. ಮಾರನೆಯ ಬೆಳಿಗ್ಗೆ ಧಾರೆ. ರೇಷ್ಮೆ ಅಂಗಡಿಯದ್ದಲ್ಲ, ಅವಳ ಅಜ್ಜಿ ತಾನೇ ಹುಳು ಸಾಕಿ, ಆ ಗೂಡಿನ ನೂಲಿನಲ್ಲೇ ನೇಯಿಸಿದ್ದು. ಗೇಣು ಬಟ್ಟೆಯೂ ಹೆಚ್ಚಿರಲಿಲ್ಲ.

ಕಸೂತಿ ಮುಗಿದ ಎರಡು ತೋಳುಗಳನ್ನು ಅಕ್ಕಪಕ್ಕ ಇಟ್ಟಾಗ ನನ್ನ ಕೈ ನಿಂತಿತು. ಎರಡರಲ್ಲೂ ಗಿಳಿ ಒಂದೇ ಕಡೆ ನೋಡುತ್ತಿತ್ತು. ತೊಟ್ಟರೆ ಎಡಗೈಯ ಗಿಳಿ ಮುಂದಕ್ಕೆ, ಬಲಗೈಯದು ಬೆನ್ನ ಕಡೆಗೆ.

ಚಿತ್ರವನ್ನು ಬಟ್ಟೆಗೆ ಇಳಿಸಲು ಕಾಗದಕ್ಕೆ ಸೂಜಿಯಿಂದ ತೂತು ಚುಚ್ಚಿ, ಮೇಲೆ ಪುಡಿ ಉಜ್ಜುತ್ತೇವೆ. ಒಂದು ತೋಳಾದ ಮೇಲೆ ಕಾಗದವನ್ನು ಮಗುಚಿ ಹಾಕಬೇಕು. "ಕಾಗದ ಮಗುಚಿದ್ರಾ?" ಎಂದು ದಿನಕ್ಕೆ ನಾಲ್ಕು ಸಲ ಕೇಳುವವಳು ನಾನು. ಈ ಸಲ ಪುಡಿ ಉಜ್ಜಿದವಳೂ ನಾನೇ.

"ಉಸ್ತಾದ್, ನೀವಾದ್ರೂ ಹೇಳಬಾರದಾ?"

"ನಿಮ್ಮ ಕೆಲಸದಾಗೆ ತಪ್ಪು ಹುಡುಕೋ ಧೈರ್ಯ ಯಾರಿಗೈತೆ ಮೇಡಂ? ಹೊಸಾ ಫ್ಯಾಷನ್ ಇರ್ಬೇಕು ಅಂದ್ಕೊಂಡೆ."

ಬಿಚ್ಚಿದರೆ ರೇಷ್ಮೆಯಲ್ಲಿ ತೂತು ಉಳಿಯುತ್ತದೆ. ಹತ್ತು ಗಂಟೆಗೆ ಅಜ್ಜಿ, ಮೊಮ್ಮಗಳು ಬಂದರು. ಮುಚ್ಚಿಡದೆ ಹೇಳಿದೆ. ಹುಡುಗಿಯ ಮುಖ ಬಾಡಿತು. ಅಜ್ಜಿ ತೋಳಿನ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಗಹಗಹಿಸಿ ನಕ್ಕರು.

"ಲೇ, ಇದು ನಮ್ಮ ತೋಟದ ಕಳ್ಳ ಗಿಣಿನೇ ಕಣೇ! ಹಿಂದೆ ಹಣ್ಣು ಕಂಡೈತೆ, ಅದಕ್ಕೇ ತಿರುಗೈತೆ."

"ಎಲ್ಲೈತೆ ಜೇಜಿ ಹಣ್ಣು?" ಹುಡುಗಿ ಅಜ್ಜಿಯನ್ನು ಕೇಳಿದಳು.

"ಇಲ್ದಿದ್ರೆ ಇಕ್ಕಿಸ್ಕೋ!"

ಕೊಕ್ಕಿನೆದುರು ಎರಡು ಬೆರಳಿನಷ್ಟು ಜಾಗವಿತ್ತು. ಉಸ್ತಾದ್ ಅಲ್ಲಿ ಸೀಮೆಸುಣ್ಣದಿಂದ ಗುಂಡಗೆ ಮಾವು ಬರೆದರು. ಅಜ್ಜಿ ಒಪ್ಪಲಿಲ್ಲ. "ಅದ್ಯಾವ ಊರಿನ ಕಾಯಿ ಸಾಬ್ರೆ? ನಮ್ದು ತೋತಾಪುರಿ. ಮೂತಿ ಚೂಪಗಿರ್ಲಿ." ಮೂರು ಸಲ ಅಳಿಸಿ ಬರೆಸಿದರು. ಇಷ್ಟು ವರ್ಷಗಳಲ್ಲಿ ನನ್ನ ಅಂಗಡಿಗೆ ಸೂಪರ್‌ವೈಸರ್ ಆದವರು ಅವರೊಬ್ಬರೇ.

ಎರಡು ಗಂಟೆಗೆ ಮಾವು ಹಣ್ಣಾಯಿತು, ಕೆನ್ನೆಗೆ ಕೆಂಪು ದಾರ. ನಾಲ್ಕೂವರೆಗೆ ಹೊಲಿಗೆ, ಹುಕ್ಕು, ಇಸ್ತ್ರಿ ಎಲ್ಲ ಮುಗಿಯಿತು. ಹುಡುಗಿ ತೊಟ್ಟು ಕನ್ನಡಿಯೆದುರು ಬಲಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಆಂಟಿ, ಎಡಗೈ ಗಿಣಿಗೆ ಹೊಟ್ಟೆಕಿಚ್ಚಾಗಲ್ವಾ?"

"ಅದು ಕಾವಲಿಗೆ ನಿಂತೈತೆ ಬಿಡೇ," ಎಂದರು ಅಜ್ಜಿ.

ಐದರ ಬಸ್ಸಿಗೆ ಅವರನ್ನು ಹತ್ತಿಸಿ ಬಂದು ಮೇಜು ಒರೆಸಿದೆ, ಸೂಜಿಗಳನ್ನು ಡಬ್ಬಿಗೆ ಸೇರಿಸಿದೆ. ಉಸ್ತಾದ್ ಚಪ್ಪಲಿ ಮೆಟ್ಟುತ್ತಾ ಬಾಗಿಲಿನಿಂದಲೇ ಕೇಳಿದರು: "ಕಾಗದ ಮಗುಚಿದ್ರಾ ಮೇಡಂ?"

ತೂತಿನ ಕಾಗದದ ಒಂದು ಬದಿಗೆ ಕೆಂಪು ಪೆನ್ಸಿಲಿನಲ್ಲಿ ‘ಎಡ’ ಎಂದು ಬರೆದೆ. ಮಗುಚಿ, ಇನ್ನೊಂದು ಬದಿಗೆ ‘ಬಲ’ ಎಂದು ಬರೆದು ಮೊಳೆಗೆ ತೂಗುಹಾಕಿದೆ.