ಮಣ್ಣಿಗೆ ಸಿಕ್ಕ ರಜೆ

ಸೋಮವಾರ ಗರಡಿಯಲ್ಲಿ ಕುಸ್ತಿ ಇರುತ್ತಿರಲಿಲ್ಲ. ಜಯನಗರ ಬಡಾವಣೆಯಾಗುವ ಮೊದಲೇ ಇದ್ದ ಹಳ್ಳಿಯೊಂದರ ಗರಡಿ ಅದು. ಸುತ್ತ ಬ್ಲಾಕುಗಳು ಎದ್ದ ಮೇಲೂ ಅದರ ಹೆಂಚಿನ ಮಾಡು, ತಗ್ಗು ಬಾಗಿಲು ಹಾಗೇ ಉಳಿದಿದ್ದವು. ಸೋಮವಾರ ಅಖಾಡದ ಕೆಮ್ಮಣ್ಣನ್ನು ಅಗೆದು, ಹೆಂಟೆ ಒಡೆದು, ನೀರು ಚಿಮುಕಿಸಿ, ಅರಿಸಿನ ಬೆರೆಸಿ ಬಿಡುತ್ತಿದ್ದರು. ಮರುದಿನ ಬೆಳಗಿನವರೆಗೆ ಅದರ ಮೇಲೆ ಯಾರೂ ಕಾಲಿಡುವಂತಿಲ್ಲ. “ಇವತ್ತು ಮಣ್ಣಿಗೆ ರಜಾ, ಅದೂ ಉಸಿರಾಡ್ಲಿ” ಎಂದು ಹೇಳಿ ಉಸ್ತಾದರು ಹುಡುಗರನ್ನು ಮನೆಗೆ ಕಳಿಸುತ್ತಿದ್ದರಂತೆ. ಹೆಂಗಸರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಇದೆಲ್ಲ ನನಗೆ ಗೊತ್ತಾದದ್ದು ಅಲ್ಲಿ ಕುಸ್ತಿ ಕಲಿಯುತ್ತಿದ್ದ ತಮ್ಮನಿಂದ.

ಎಂಬತ್ತರ ದಶಕದ ಮೊದಲ ವರ್ಷಗಳು. ಬನಶಂಕರಿಯಲ್ಲಿ ನಮ್ಮ ಮನೆ. ನಾನು ಬಿ.ಎ., ತಮ್ಮ ಪಿಯುಸಿ. ಅಪ್ಪ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತರು. ಆ ಕಾರ್ಖಾನೆಗೆ ಕುಸ್ತಿ ತಂಡವಿತ್ತು. ತಂಡಕ್ಕೆ ಆಯ್ಕೆಯಾದ ಹುಡುಗನಿಗೆ ಕಾಯಂ ಕೆಲಸ ಸಿಗುತ್ತಿತ್ತು. ತಮ್ಮನ ಮಾರ್ಕ್ಸ್ ಕಾರ್ಡು ನೋಡಿ ಯಾರೂ ಕೆಲಸ ಕೊಡುವುದಿಲ್ಲವೆಂದು ಅಪ್ಪ ಆಗಲೇ ತೀರ್ಮಾನಿಸಿದ್ದರು. ಉಳಿದದ್ದು ಅವನ ಮೈ ಮಾತ್ರ. ಅದರಿಂದ ಕೆಲಸ ಸಂಪಾದಿಸಬೇಕಿತ್ತು.

ಆ ವರ್ಷ ನಾಲ್ಕನೇ ಬ್ಲಾಕಿನ ಅಂಗಡಿಯೊಂದರ ಮಹಡಿಯಲ್ಲಿ ಜಿಮ್ ತೆರೆಯಿತು. ಗೋಡೆ ತುಂಬ ಕನ್ನಡಿ, ಕಬ್ಬಿಣದ ತೂಕಗಳು. ಗರಡಿಯ ಹುಡುಗರಲ್ಲಿ ಕೆಲವರು ಸೋಮವಾರ ಅಲ್ಲಿಗೆ ಹೋಗತೊಡಗಿದರು. ತಮ್ಮ ಮೊದಲು ಹಿಂದೆಮುಂದೆ ನೋಡಿದ.

“ರಜಾ ಮಣ್ಣಿಗೆ ತಾನೆ? ನಿನಗ್ಯಾರು ಕೊಟ್ರು?” ಎಂದರು ಅಪ್ಪ.

ಆ ಮಾತಿನಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ನನಗೂ ಕಾಣಲಿಲ್ಲ. ಅಂದಿನಿಂದ ಪ್ರತಿ ಸೋಮವಾರ ಅವನ ಗೆಳೆಯ ಗೇಟಿನ ಬಳಿ ಸೈಕಲ್ ನಿಲ್ಲಿಸಿ ಕೂಗುವನು: “ಬಾರೋ ಮಗಾ, ಕನ್ನಡಿ ಕಾಯ್ತಾ ಇದೆ.”

“ಕಾಯ್ಲಿ ಬಿಡಪ್ಪ, ಅವ್ನಿನ್ನೂ ಮುಖ ತೊಳ್ದಿಲ್ಲ” ಎಂದು ಅಮ್ಮ ಒಳಗಿನಿಂದ ಹೇಳುವಳು.

ವಾರದಲ್ಲಿ ಒಂದು ದಿನವೂ ಬಿಡುವಿಲ್ಲದಂತಾಯಿತು. ಬೆಳಿಗ್ಗೆ ದಂಡ, ಬಸ್ಕಿ, ಕುಸ್ತಿ, ಸೋಮವಾರ ಕಬ್ಬಿಣ. ಮೊದಮೊದಲು ಬೀದಿಯವರೆಲ್ಲ ಅವನ ತೋಳು ಹೊಗಳಿದರು. ಆಮೇಲೆ ನಾನು ಗಮನಿಸಿದ್ದು ಬೇರೆ. ಊಟಕ್ಕೆ ಕುಳಿತವನು ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ನೀರಿನ ಚೊಂಬನ್ನು ಎಡಗೈಯಲ್ಲೇ ಎತ್ತುತ್ತಿದ್ದ. ಅಂಗಿ ತೊಡುವಾಗ ಬಲಗೈಯನ್ನು ಎಡಗೈಯಿಂದ ಎತ್ತಿ ಅದರ ತೋಳಿನೊಳಗೆ ತೂರಿಸುತ್ತಿದ್ದ.

“ಭುಜ ನೋಯ್ತಾ ಇದ್ಯೇನೋ?” ಎಂದು ಅಮ್ಮ ಕೇಳಿದಳು.

ಉತ್ತರ ಕೊಟ್ಟವರು ಅಪ್ಪ. “ನೋವಿದ್ರೆ ಮೈ ಬೆಳೀತಿದೆ ಅಂತ. ನೋವೇ ಇಲ್ದಿರೋ ದಿನ ಹೇಳು, ಆಗ ಯೋಚ್ನೆ ಮಾಡೋಣ.”

ಅಷ್ಟರಲ್ಲಿ ಗರಡಿಯಲ್ಲಿ ಅವನಿಗಿಂತ ಹಗುರಾದ ಹುಡುಗರು ಅವನನ್ನು ಕೆಡವತೊಡಗಿದ್ದರು. ಅದನ್ನು ಅವನೇ ಮನೆಯಲ್ಲಿ ಹೇಳಿದ. ಅಪ್ಪ ಅದಕ್ಕೆ ಕಂಡುಕೊಂಡ ಪರಿಹಾರ, ಸಂಜೆಯೂ ಜಿಮ್‌ಗೆ ಕಳಿಸುವುದು. ಶಕ್ತಿ ಕಡಿಮೆಯಾದಷ್ಟೂ ಕಸರತ್ತು ಹೆಚ್ಚಿತು. ಆಯ್ಕೆಯ ಕುಸ್ತಿ ಹತ್ತಿರ ಬಂದಿತ್ತು.

ಆಯ್ಕೆಗೆ ಮುಂಚಿನ ಸೋಮವಾರ ಅವನನ್ನು ಆಟೋದಲ್ಲಿ ಕರೆತಂದರು. ತಲೆಯ ಮೇಲೆ ಎತ್ತಿದ್ದ ತೂಕ ಕೆಳಗಿಳಿಯುವಾಗ ಬಲಭುಜದಲ್ಲಿ ಏನೋ ಹರಿದಂತಾಗಿ ಕೈ ಜೋತುಬಿದ್ದಿತ್ತು. ಆಸ್ಪತ್ರೆಗೆ ಅಪ್ಪನ ಜೊತೆ ನಾನೂ ಹೋದೆ. ಡಾಕ್ಟರು ಭುಜ ಒತ್ತಿ ನೋಡಿ ಕೇಳಿದರು:

“ದಿನಾ ಮಾಡ್ತೀಯಾ? ವಾರಕ್ಕೆ ಎಷ್ಟು ದಿನ ರಜಾ?”

“ಸೋಮವಾರ ಮಣ್ಣಿಗೆ ರಜಾ, ಸಾರ್.”

“ಮಣ್ಣಿನ ಕಥೆ ಬಿಡು. ನಿನಗೆ?”

ತಮ್ಮ ಅಪ್ಪನ ಮುಖ ನೋಡಿದ. ಅಪ್ಪ ಕಿಟಕಿ ನೋಡುತ್ತಿದ್ದರು. ಬೆಳೆಯುವ ವಯಸ್ಸಿನ ಸ್ನಾಯುವನ್ನು ದಣಿಸಿದರೆ ಸಾಲದು, ಅದು ತನ್ನನ್ನು ತಾನು ಸರಿಪಡಿಸಿಕೊಳ್ಳುವುದಕ್ಕೆ ನಿದ್ದೆ, ಊಟ, ಬಿಡುವು ಬೇಕು, ಬಲ ಬರುವುದು ಆ ಬಿಡುವಿನಲ್ಲೇ ಎಂದು ಡಾಕ್ಟರು ವಿವರಿಸಿದರು. ಒಳಗಿನ ಸ್ನಾಯು ಹರಿದಿದೆ, ಇನ್ನು ಕುಸ್ತಿಯ ಮಾತು ಬೇಡ ಎಂದೂ ಹೇಳಿದರು.

ಆ ವಾರವೇ ಉಸ್ತಾದರು ಮನೆಗೆ ಬಂದರು. ಅಪ್ಪ ಕೂರಿ ಎನ್ನಲಿಲ್ಲ. “ರಜಾ ಹುಡುಗರಿಗೆ ಅಂತ ಒಂದ್ ಮಾತು ಹೇಳಿದ್ರೆ ನಿಮ್ ಗಂಟೇನು ಹೋಗ್ತಿತ್ತು?”

ಉಸ್ತಾದರು ಬಾಗಿಲ ಬಳಿ ನಿಂತೇ ಹೇಳಿದರು: “ನಂಗೂ ಗೊತ್ತಿರ್ಲಿಲ್ಲ ಸ್ವಾಮಿ. ನಮ್ ಉಸ್ತಾದ್ರೂ ಮಣ್ಣಿಗೇ ಅಂತಿದ್ರು. ಅವತ್ತು ನಮಗೆ ಹೋಗಕ್ಕೆ ಬೇರೆ ಜಾಗ ಎಲ್ಲಿತ್ತು? ಎಣ್ಣೆ ಹಚ್ಕೊಂಡು ಮನೇಲಿ ಬಿದ್ಕೋತಿದ್ವಿ.”

ಆ ಕಟ್ಟಳೆ ತಲೆಮಾರುಗಳ ಕಾಲ ಹುಡುಗರನ್ನು ಕಾಪಾಡಿತ್ತು. ಕಾಪಾಡಿದ್ದು ಯಾವುದೆಂದು ನಡೆಸಿಕೊಂಡು ಬಂದವರಿಗೇ ತಿಳಿದಿರಲಿಲ್ಲ. ಹೋಗಲು ಇನ್ನೊಂದು ಜಾಗ ಸಿಕ್ಕಿದ ಕೂಡಲೇ ಅದು ಕೆಲಸಕ್ಕೆ ಬಾರದೆ ಹೋಯಿತು.

ಕಾರ್ಖಾನೆ ಬೇರೊಬ್ಬ ಹುಡುಗನನ್ನು ತೆಗೆದುಕೊಂಡಿತು. ತಮ್ಮನ ಬಲಗೈ ಭುಜದ ಮಟ್ಟಕ್ಕಿಂತ ಮೇಲೆ ಮತ್ತೆಂದೂ ಏಳಲಿಲ್ಲ. ಜೆ.ಪಿ. ನಗರದಲ್ಲಿ ಒಂದು ಪೇಂಟ್ ಅಂಗಡಿ ಸೇರಿದ. ಮೇಲಿನ ಹಲಗೆಯ ಡಬ್ಬ ಬೇಕಾದಾಗ ಸ್ಟೂಲು ಹತ್ತುತ್ತಿದ್ದ.

ಕೆಲವು ವರ್ಷಗಳ ನಂತರ ನೆಂಟರ ಮದುವೆಯೊಂದರಲ್ಲಿ ಅಪ್ಪನ ಪಕ್ಕ ಊಟಕ್ಕೆ ಕುಳಿತಿದ್ದ ದೂರದ ಸಂಬಂಧಿಯೊಬ್ಬರು ಕೇಳಿದರು: “ನಿಮ್ ಹುಡ್ಗ ಕುಸ್ತಿ ಮಾಡ್ತಿದ್ನಲ್ಲ, ಏನಾಯ್ತು?”

“ನಾನು ಮಾಡೋದೆಲ್ಲ ಮಾಡ್ದೆ” ಎಂದರು ಅಪ್ಪ. “ಅವ್ನಿಗೇ ಶ್ರದ್ಧೆ ಸಾಲ್ದು.”

ತಮ್ಮ ಅದೇ ಸಾಲಿನಲ್ಲಿ ಬಡಿಸುತ್ತ ಬಂದಿದ್ದ. ಮಾತು ಅವನ ಕಿವಿಗೆ ಬಿದ್ದದ್ದು ಎದುರು ಸಾಲಿನಲ್ಲಿದ್ದ ನನಗೆ ಕಾಣಿಸಿತು. ಬಕೀಟನ್ನು ಎಡಗೈಯಲ್ಲಿ ಸರಿಯಾಗಿ ಹಿಡಿದುಕೊಂಡು ಆ ಸಂಬಂಧಿಯತ್ತ ಬಾಗಿದ.

“ಇನ್ನೊಂಚೂರು ಸಾರು ಹಾಕ್ಲಾ, ಮಾವ?”