ಕೈ ಮುಗಿದರು, ಕೈ ಹಚ್ಚಲಿಲ್ಲ

ಬಾರಿಸಬೇಕಾಗಿತ್ತು. ನಾನು ಬಾರಿಸಲಿಲ್ಲ.

ಇಷ್ಟೇ ಹೇಳಿದರೆ ನಿಮಗೇನು ತಿಳಿದೀತು? ಮಾಸೂರಿನಲ್ಲಿ ಎತ್ತಿನ ಗಾಡಿ ರಿಪೇರಿ ಮಾಡುವ ನನ್ನ ತಮ್ಮ ನಾಗಪ್ಪ ಒಂದು ವಸ್ತು ಮಾಡಿದ್ದ. ಗಾಡಿ ಗಾಲಿಯ ದುಂಡನೆಯ ಕಬ್ಬಿಣದ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ, ಅದರೊಳಗೆ ಎತ್ತಿನ ಗಂಟೆ, ಮುರಿದ ಸಲಿಕೆ, ಒಡೆದ ತಾಮ್ರದ ಕೊಡದ ಕಂಠ ಎಲ್ಲ ತೂಗುಬಿಟ್ಟಿದ್ದ. ಒಂದನ್ನು ಬಾರಿಸಿದರೆ ಉಳಿದವೂ ಗುಂಯ್‌ಗುಡುತ್ತಿದ್ದವು. ಆಚೆ ಈಚೆ ಇಬ್ಬರು ನಿಂತು ಬಾರಿಸಿದರೆ? ಅದನ್ನು ಬರೆಯಲು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನನ್ನ ಕನ್ನಡ ಸಾಲದು.

ಕಳೆದ ತಿಂಗಳು ಹಿರೇಕೆರೂರಿನ ಒಂದು ಹಾಲ್‌ನಲ್ಲಿ ಕಲಾ ಪ್ರದರ್ಶನವಿತ್ತು. ಅಲ್ಲಿ ಆಯ್ಕೆಯಾದದ್ದು ಧಾರವಾಡದ ದೊಡ್ಡ ಪ್ರದರ್ಶನಕ್ಕೆ ಹೋಗುತ್ತಿತ್ತು. ನಾಗಪ್ಪ ಬೇಸಿಗೆ ಪೂರ್ತಿ ಕಂಡ ಕನಸು ಅದೊಂದೇ. ಬೆಳಿಗ್ಗೆ ತಂದು ನಿಲ್ಲಿಸಿದ. ಯಾರದೋ ಗಾಡಿಯ ಅರ್ಜೆಂಟ್ ಕೆಲಸ, ತಿರುಗಿ ಹೋಗಬೇಕಿತ್ತು.

“ಅಕ್ಕಾ, ಮಂದಿ ಮುಂದ ಮೊದಲ ನೀ ಬಾರಿಸು. ಒಬ್ರು ಬಾರಿಸಿದ್ರ ಎಲ್ಲಾರೂ ಬಾರಸ್ತಾರ. ಸುಮ್ನ ನಿಂತ್ರ ಇದು ಬರೇ ಗುಜರಿ.”

“ಅಷ್ಟ್ ಮಂದ್ಯಾಗ ಗದ್ದಲ ಮಾಡ್ಲೇನೋ?”

“ನಿನ್ನ ಬಾಯಿಗಿಂತ ಹೆಚ್ಚಿನ ಗದ್ದಲ ಆಗೂದಿಲ್ಲ ತಗೋ!”

ಅವನು ಹೋದ ಮೇಲೆ ನಾನೇನು ಮಾಡಿದೆ? ಪೂಜೆ ಮಾಡಿದೆ. (ಹೊಸ ನೇಗಿಲಿಗೆ, ಹೊಸ ಗಾಡಿಗೆ ನೀವು ಮಾಡುವುದಿಲ್ಲವೇ?) ಪಟ್ಟಿಗೆ ವಿಭೂತಿ ಬಳಿದೆ, ಕುಂಕುಮ ಹಚ್ಚಿದೆ, ಚೆಂಡು ಹೂವಿನ ಮಾಲೆ ಹಾಕಿ ಊದಿನಕಡ್ಡಿ ಬೆಳಗಿದೆ.

ಮೊದಲು ಬಂದಾಕೆ ಚಿಕ್ಕೇರೂರಿನ ಮುದುಕಿ. ಚಪ್ಪಲಿ ದೂರ ಬಿಟ್ಟು ಕೈ ಮುಗಿದಳು. “ಯಾವ ದೇವರಬೇ ಇದು?”

“ನನ್ನ ತಮ್ಮ ಮಾಡ್ಯಾನ್ರಿ.”

“ಪುಣ್ಯವಂತ!”

ಹಿಂದಿನವರೂ ಕೈ ಮುಗಿದರು. ಒಂದು ಕೂಸು ಗಂಟೆಗೆ ಕೈ ಚಾಚಿತು. ತಾಯಿ ಪಟ್ಟನೆ ಎಳೆದುಕೊಂಡಳು: “ದೇವ್ರ ಐತಿ, ಮುಟ್ಟಬ್ಯಾಡ!”

ಆಗಲಾದರೂ ಬಾರಿಸಬಹುದಿತ್ತಲ್ಲ? ನಿಜ ಹೇಳಿಬಿಡುತ್ತೇನೆ. ತಮ್ಮ ಮಾಡಿದ್ದಕ್ಕೆ ಜನ ಕೈ ಮುಗಿಯುವುದನ್ನು ನೋಡಿ ನನಗೆ ಹಿಗ್ಗು. ಮಾಲೆಯ ಪಕ್ಕದಲ್ಲಿ ಸೆರಗು ಹೊದ್ದು, ನಾನೇ ಪೂಜಾರಿಯ ಹಾಗೆ ನಿಂತಿದ್ದೆ.

ಆಯ್ಕೆ ಮಾಡುವ ಡ್ರಾಯಿಂಗ್ ಮಾಸ್ತರರು ಬಂದರು. “ಪೂಜಾ ಸಾಮಾನು ಇಲ್ಲ್ಯಾಕ ಇಟ್ಟಾರ್ರೀ?” ಎಂದವರೇ ಮುಂದಿನ ಚಿತ್ರಕ್ಕೆ ನಡೆದರು. ಕೈಯಳತೆಯಲ್ಲಿ ಗಂಟೆ. ನನ್ನ ಕೈ ಏಳಲಿಲ್ಲ.

ಸಂಜೆ ನಾಗಪ್ಪ ಓಡುತ್ತಲೇ ಬಂದ. “ಎಷ್ಟ್ ಮಂದಿ ಬಾರಿಸಿದ್ರಕ್ಕಾ?”

“ಎಲ್ಲಾರೂ ಕೈ ಮುಗದ್ರೋ!”

ಅವನು ಮಾಲೆ ನೋಡಿದ. ಅದನ್ನು ತೆಗೆದು ನನ್ನ ಕೈಗೆ ಕೊಟ್ಟ. ಬೈದಿದ್ದರೆ ಚೆನ್ನಾಗಿತ್ತು.

ಈಗ ಆ ವಸ್ತು ಇಲ್ಲ. ಗಂಟೆಗಳು ಎತ್ತಿನ ಕೊರಳಿಗೆ ಹೋದವು, ಪಟ್ಟಿ ಯಾರದೋ ಗಾಲಿಗೆ. ಮೊನ್ನೆ ಮಾಸೂರಿಗೆ ಹೋಗಿ ಅಂಗಲಾಚಿದೆ, ಇನ್ನೊಂದು ಮಾಡು ಎಂದು. ಅವನು ತಲೆ ಎತ್ತದೆ ಗಾಡಿಯ ಅಚ್ಚಿಗೆ ಎಣ್ಣೆ ಸವರುತ್ತಿದ್ದ.

“ಯಾರಿಗೆ ಮಾಡ್ಲಿ? ನೀನ ನನ್ನ ಮಾತ ಕೇಳ್ಲಿಲ್ಲ.”

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ:

“ಮಂದಿ ಕೈ ಮುಗಿಯೂದು ನನಗ ಚಂದ ಕಾಣ್ತು, ಅದಕ್ಕ ಬಾರಿಸ್ಲಿಲ್ಲ. ತಪ್ಪಾತೋ ತಮ್ಮಾ.”