ಜಗಲಿಯ ಹಿಂದಿನ ಗೋಡೆ

ಇಲ್ಫರ್ಡ್‌ನ ನಮ್ಮ ಮನೆಗೆ ನೂರು ವರ್ಷ ದಾಟಿದೆ. ಗೋಡೆಗಳು ಗಟ್ಟಿಮುಟ್ಟು, ಆದರೆ ಬರೀ ಇಟ್ಟಿಗೆ. ಚಳಿಗಾಲದಲ್ಲಿ ಹೊರಗಿನ ಥಂಡಿ ನೆಟ್ಟಗೆ ಒಳಗೆ ಬಂದು ನಮ್ಮ ಜೊತೆಗೇ ಸೋಫಾದಲ್ಲಿ ಕೂರುತ್ತಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಮುಂದಿನ ಕೋಣೆ. ದೇವರ ಜಗಲಿ ಇದ್ದದ್ದೂ ಅಲ್ಲೇ. ಧಾರವಾಡದಿಂದ ಈ ಪರದೇಶಕ್ಕೆ ಬಂದು ನಮ್ಮ ಜೊತೆ ನೆಲೆಸಿದ ಅತ್ತೆ, ಬೆಳಿಗ್ಗೆ ಎರಡು ಸ್ವೆಟರಿನ ಮೇಲೆ ಶಾಲು ಹೊದ್ದು ಪೂಜೆಗೆ ಕೂತರೆ ದೇವರ ಹಾಡಿಗಿಂತ ಕೆಮ್ಮೇ ಹೆಚ್ಚು ಕೇಳುತ್ತಿತ್ತು.

ಕಳೆದ ಬೇಸಿಗೆ ಮುಗಿಯುವ ಹೊತ್ತಿಗೆ ಅವರು ತೀರ್ಮಾನ ಹೇಳಿಬಿಟ್ಟರು: "ಈ ಸಲ ಹಿಂಗಽ ಥಂಡಿ ಬಿದ್ದರ ನಾ ದೇವರನ್ನ ಕಟಗೊಂಡು ಕ್ರೋಯ್ಡನ್‌ಗೆ ಹೊಕ್ಕೀನಿ."

ಕ್ರೋಯ್ಡನ್‌ನಲ್ಲಿರುವುದು ನನ್ನ ಮೈದುನನ ಫ್ಲಾಟ್, ಹೊಸದು, ಬೆಚ್ಚಗಿದೆ. ಆದರೆ ಆಸ್ಪತ್ರೆಯ ಡ್ಯೂಟಿ ಮುಗಿಸಿ ಸಿಡುಕುತ್ತಾ ಬಂದ ನನ್ನನ್ನು ಬೈದು ಉಣ್ಣಿಸುವವರು ಅತ್ತೆಯೊಬ್ಬರೇ. ಅವರಿಲ್ಲದ ಮನೆಯನ್ನು ನೆನೆದೇ ಹೆದರಿಕೆಯಾಯಿತು. ಹೆದರಿದರೆ ನನಗೆ ಸಿಟ್ಟು ಬರುತ್ತದೆ, ಅದು ಗಂಡನ ಮೇಲೆ ಹೋಯಿತು. ಮೂರು ವರ್ಷದಿಂದ "ನೋಡೋಣ" ಅನ್ನುತ್ತಿದ್ದ ಮನುಷ್ಯ ಮೂರೇ ದಿನದಲ್ಲಿ ಬಿಲ್ಡರ್ ಒಬ್ಬನನ್ನು ಹಿಡಿದು ತಂದ. ಗೋಡೆಗೆ ಒಳಗಿನಿಂದ ಥಂಡಿ ತಡೆಯುವ ದಪ್ಪ ಇನ್ಸುಲೇಷನ್ ಹಲಗೆ ಕೂರಿಸಿ ಪ್ಲಾಸ್ಟರ್ ಮಾಡುವ ಕೆಲಸ.

ಅವನಿಗೆ ಬಿಡುವಿದ್ದದ್ದು ನವರಾತ್ರಿಯ ವಾರ ಮಾತ್ರ. ಜಗಲಿಯ ಮೇಲೆ ಘಟ್ಟದ ಕಲಶ ಕೂತಿತ್ತು, ಒಂಬತ್ತು ದಿನದ ದೀಪ ಉರಿಯುತ್ತಿತ್ತು. ಅದನ್ನು ಕದಲಿಸುವ ಮಾತೇ ಇಲ್ಲ. ನಾನು ಜಾಣತನ ತೋರಿಸಿದೆ: "ಅಷ್ಟು ಜಾಗ ಬಿಟ್ಟು ಸುತ್ತಲೂ ಮಾಡಿ." ಬಿಟ್ಟ ಜಾಗಕ್ಕೇ ಥಂಡಿಯೆಲ್ಲ ಸೇರಿ ತೇವ ಕಟ್ಟುತ್ತದೆ ಅಂತ ಅವನು ಎರಡು ಸಲ ಹೇಳಿದ. ಎರಡು ಸಲವೂ ಚಹಾ ಕೊಟ್ಟು ಬಾಯಿ ಮುಚ್ಚಿಸಿದೆ. ಧೂಳು ಬೀಳದಂತೆ ಅತ್ತೆ ಜಗಲಿಗೆ ಹಳೇ ಇಳಕಲ್ ಸೀರೆಯ ಪರದೆ ಕಟ್ಟಿದರು.

ನವೆಂಬರಿನಲ್ಲಿ ಕೋಣೆ ಎಷ್ಟು ಬೆಚ್ಚಗಾಯಿತೆಂದರೆ ಅತ್ತೆ ಒಂದು ಸ್ವೆಟರ್ ಕಳಚಿದರು. ಗೆದ್ದೆ ಅಂದುಕೊಂಡೆ. ಆಮೇಲೆ ಒಂದು ಭಾನುವಾರ ಜಗಲಿ ಒರೆಸುವಾಗ ಅವರ ಕೈ ಹಿಂದಿನ ಗೋಡೆಗೆ ತಾಗಿತು. ಗೋಡೆ ನೀರು ಬಿಟ್ಟಿತ್ತು, ಕಪ್ಪು ಬೂಷ್ಟು ಹಬ್ಬಿತ್ತು, ಎಲ್ಲಮ್ಮನ ಪಟ ಉಬ್ಬಿತ್ತು. ಅತ್ತೆ ನನ್ನನ್ನು ಕರೆದು ತೋರಿಸಿದರು. ಅಪಶಕುನ ಅಂತ ಹೊರಟೇಬಿಡುತ್ತಾರೆ ಅನ್ನಿಸಿತು.

"ತಪ್ಪು ನಂದರೀ ಅತ್ತಿ," ಅಂದೆ.

ಅವರು ನಕ್ಕುಬಿಟ್ಟರು. "ನಾವೆಲ್ಲಾ ಬೆಚ್ಚಗ ಕುಂತು ದೇವರನ್ನ ಥಂಡ್ಯಾಗ ಬಿಟ್ಟೀವಲ್ಲವಾ! ಆ ಬಿಲ್ಡರ್‌ನ ಕರಿ. ಈಗೇನ ಘಟ್ಟ ಇಲ್ಲ, ದೇವರನ್ನ ನಾನಽ ಎತ್ತತೀನಿ."

ಗೋಡೆ ಒರೆಸಿ, ಒಣಗಿಸಿ, ಹಲಗೆ ಕೂರಿಸುವ ತನಕ ದೇವರುಗಳು ಅಡುಗೆಮನೆಯ ಮೈಕ್ರೋವೇವ್ ಮೇಲೆ ಸ್ಟೀಲ್ ತಾಟಿನಲ್ಲಿ ಕೂತು ಪೂಜೆ ಮಾಡಿಸಿಕೊಂಡವು. "ನಾನು ಮೊದಲೇ ಹೇಳಿದ್ದೆ" ಅಂತ ಬಿಲ್ಡರ್ ಅನ್ನಲಿಲ್ಲ. ಅವನ ಬಾಯಲ್ಲಿ ಅತ್ತೆಯ ಹೋಳಿಗೆ ಇತ್ತು.

ದೇವರು ಜಗಲಿಗೆ ಮರಳಿದ ಸಂಜೆ ಮೈದುನ ಅತ್ತೆಗೆ ಫೋನ್ ಮಾಡಿ, ಕರೆದುಕೊಂಡು ಹೋಗಲು ಯಾವತ್ತು ಬರಲಿ ಅಂತ ಕೇಳಿದ. ನಾನು ಒಲೆ ಸಣ್ಣ ಮಾಡಿ ಬಾಗಿಲ ಹಿಂದೆ ನಿಂತೆ.

"ಬರಬ್ಯಾಡಪಾ, ನಾ ಇಲ್ಲೇ ಇರತೀನಿ," ಅಂದರು ಅತ್ತೆ. ಫೋನ್ ಇಟ್ಟು ಬಾಗಿಲ ಕಡೆ ತಿರುಗಿದರು. "ಅಲ್ಲಿ ನಿಂತ ಏನ ಕೇಳತೀ? ಮಂಚದ ಕೆಳಗ ನನ್ನ ಪೆಟಗಿ ತುಂಬಿಟ್ಟೀನಿ. ಸೀರಿ-ಅರಿವಿ ತಗದು ಕಪಾಟಿನ್ಯಾಗ ಇಡು ಹೋಗು."